ಸೂಜಿಯ ಇನ್ನರ್ಧ

ಹೆಂಡತಿ ಏಳುವ ಮೊದಲೇ ಕಾಜಾ ಕಿಟಕಿಯ ಬಳಿ ಕೂತು ಹೊಸ ಅಂಗಿಗೆ ಕೊನೆಯ ಗುಂಡಿ ಹಚ್ಚಿದ. ದಾರವನ್ನು ಹಲ್ಲಿನಲ್ಲಿ ಕಡಿಯುವಾಗಲೂ ಸದ್ದಾಗದಂತೆ ನೋಡಿಕೊಂಡ. ಹಳೆಯ ಅಂಗಿ ಬೆನ್ನಲ್ಲಿ ಬಾಯಿಬಿಟ್ಟಿತ್ತು. ಅದಕ್ಕೇ ಹೊಸದನ್ನು ತೊಟ್ಟು ಹೊರಟ.

ದರ್ಜಿ ಅಂಗಡಿಯಲ್ಲಿ ಹನ್ನೊಂದು ವರ್ಷ ಊರವರ ಅಂಗಿಗಳಿಗೆ ಗುಂಡಿಯ ತೂತು, ಅಂದರೆ ಕಾಜಾ, ಮಾಡಿ ಮಾಡಿ ಅವನ ಹೆಸರೇ ಅದಾಗಿತ್ತು. ತನಗಾಗಿ ಅಂಗಿ ಹೊಲಿದುಕೊಂಡದ್ದು ಇದೇ ಮೊದಲು, ಅದೂ ಕದ್ದು. ಬಟ್ಟೆ ಅವನದೇ, ಮಿಷನ್ನು, ದಾರ, ಹೊತ್ತು ಮೂರೂ ಯಜಮಾನನವು. ಅಂಗಡಿಯ ಮಿಷನ್ನಿನಲ್ಲಿ ಸ್ವಂತ ಬಟ್ಟೆ ಹೊಲಿದವನು ಮರುದಿನ ಬರಬೇಕಾಗಿಲ್ಲ ಎನ್ನುವುದು ಅಲ್ಲಿನ ಮೊದಲ ಕಾನೂನು. ಸೂಜಿ ಮುರಿದರೆ ಎರಡೂ ತುಂಡು ತಂದೊಪ್ಪಿಸಬೇಕು ಎನ್ನುವುದು ಎರಡನೆಯದು.

ಹಿಂದಿನ ದಿನ ಯಜಮಾನ ಊಟಕ್ಕೆ ಹೋದಾಗ ಕಾಜಾ ಎರಡು ಕಾನೂನನ್ನೂ ಒಂದೇ ಏಟಿಗೆ ಮುರಿದಿದ್ದ. ಅಂಗಿಯ ಪಕ್ಕದ ದಪ್ಪ ಮಡಿಕೆಯಲ್ಲಿ ಸೂಜಿ ಲಟಕ್ಕೆಂದಿತು. ಬುಡ ಮಿಷನ್ನಿನಲ್ಲಿ ಉಳಿಯಿತು, ಮೊನೆ ಮಾಯವಾಯಿತು. ವಕೀಲರ ಪ್ಯಾಂಟು ಹೊಲಿಯುವಾಗ ಮುರಿಯಿತು ಎಂದು ಸುಳ್ಳು ಹೇಳಿದ.

ಯಜಮಾನ ಬುಡವನ್ನು ಬೆಂಕಿಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಜೇಬಿಗೆ ಹಾಕಿದ. "ಮೊನೆ ಸಿಗೋವರೆಗೂ ಆ ಪ್ಯಾಂಟು ಹೊರಗೆ ಹೋಗಲ್ಲ. ನಾಳೆ ಸಂಜೆಯೊಳಗೆ ಸಿಗಲಿಲ್ಲ ಅಂದ್ರೆ ನೀನು ಹೋಗ್ತೀಯ."

ಹೀಗಾಗಿ ಇಂದು ಬೆಳಗಿನಿಂದ ಕಾಜಾ ಕೈಯಲ್ಲಿ ಅಯಸ್ಕಾಂತ ಹಿಡಿದು, ಅಂಗಡಿಯ ನೆಲವನ್ನು ಅಂಬೆಗಾಲಿನಲ್ಲಿ ಅಳೆಯುತ್ತಿದ್ದ. ನಾಲ್ಕು ಗುಂಡುಸೂಜಿ, ಒಂದು ಹುಕ್ಕು ಸಿಕ್ಕವು. ನಡುನಡುವೆ ಬಲಪಕ್ಕೆ ಕೆರೆದುಕೊಳ್ಳುತ್ತಿದ್ದ. ಅದನ್ನು ಕಂಡವನು ಪಕ್ಕದ ಮಿಷನ್ನಿನ ಪ್ಯಾಂಟಣ್ಣ. ಪ್ಯಾಂಟು ಬಿಟ್ಟು ಉಳಿದದ್ದೆಲ್ಲ ತನಗೆ ಗೊತ್ತು ಎಂದು ನಂಬಿದ್ದ ಮನುಷ್ಯ.

"ಏನೋ ಅದು, ಬೆಳಗಿಂದ ಕೆರ್ಕೊತಾ ಇದೀಯ? ಎತ್ತು ಅಂಗಿ."

"ಏನಿಲ್ಲಣ್ಣ, ಸೆಕೆ."

ಪ್ಯಾಂಟಣ್ಣ ತಾನೇ ಎತ್ತಿ ನೋಡಿದ. ಪಕ್ಕೆಲುಬಿನ ಕೆಳಗೆ ಬೆರಳಗಲ ಕೆಂಪಗೆ ಗೀರು ಗೀರಾಗಿತ್ತು.

"ಮುಗೀತು. ಇದು ಲಿವರ್ರು."

"ಗೀರಿದ ಹಾಗಿದೆಯಲ್ಲಣ್ಣ."

"ಲಿವರ್ರು ಒಳಗಿಂದ ಗೀರುತ್ತೆ. ನಡಿ ಮೇಲಕ್ಕೆ."

ಅಂಗಡಿಯ ಮೇಲಿನ ಕೋಣೆಯಲ್ಲಿ ಕರೆಂಟ್ ಡಾಕ್ಟರಿದ್ದ. ಎರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ರೇಡಿಯೊ ರಿಪೇರಿ ಮಾಡುತ್ತಿದ್ದ. ಬೋರ್ಡಿನಲ್ಲಿ 'ರೇಡಿಯೊ' ಅಳಿಸಿ 'ನರ' ಎಂದು ಬರೆಸಿದ್ದ. 'ರಿಪೇರಿ'ಗೆ ಬಣ್ಣ ದಂಡ ಎಂದು ಹಾಗೇ ಬಿಟ್ಟಿದ್ದ. ರೇಡಿಯೊ ರಿಪೇರಿಯಾಗದಿದ್ದರೆ ಜನ ಜಗಳಕ್ಕೆ ಬರುತ್ತಿದ್ದರು. ಈಗ ರಿಪೇರಿಯಾಗದಿದ್ದವರು ಮತ್ತೆ ಹಣ ಕೊಟ್ಟು ಹೋಗುತ್ತಿದ್ದರು.

"ಒಳಗಿನ ಅಂಗಕ್ಕೆ ಬಾಯಿಲ್ಲ, ಚರ್ಮವೇ ಅದರ ಬಾಯಿ," ಎಂದ ಕರೆಂಟ್ ಡಾಕ್ಟರ್, ಕಾಜಾನ ಅಂಗಿ ಬಿಚ್ಚಿಸಿ ಮಂಚದ ಮೇಲೆ ಮಲಗಿಸುತ್ತ. "ಕರೆಂಟು ಬಿಟ್ಟಾಗ ಎಲ್ಲಿ ಕೆಂಪಾಗುತ್ತೋ, ಅಲ್ಲಿನ ಅಂಗ ಕೆಟ್ಟಿದೆ ಅಂತ ಲೆಕ್ಕ."

ಒದ್ದೆ ಪಟ್ಟಿ ಅಂಟಿಸಿ ಕರೆಂಟು ಬಿಟ್ಟರೆ ಎಮ್ಮೆಯ ಚರ್ಮವೂ ಕೆಂಪಾಗುತ್ತದೆ. ಅದಕ್ಕೇ ಆ ಮೆಟ್ಟಿಲು ಹತ್ತಿದವರಲ್ಲಿ ಆರೋಗ್ಯವಂತನೊಬ್ಬ ಇಳಿದುಬಂದ ದಾಖಲೆ ಇರಲಿಲ್ಲ. ಕಾಜಾನಿಗೆ ಐದು ಕಡೆ ಪಟ್ಟಿ ಅಂಟಿತು, ಐದು ಕಡೆ ಕೆಂಪಾಯಿತು. ಲಿವರ್ರು, ಗುಲ್ಮ, ಎರಡು ಮೂತ್ರಪಿಂಡ ಒಂದೊಂದಾಗಿ ಕೆಟ್ಟವು. ಐದನೆಯ ಜಾಗದಲ್ಲಿ ಯಾವ ಅಂಗವಿದೆಯೆಂದು ಡಾಕ್ಟರಿಗೆ ತಕ್ಷಣ ನೆನಪಾಗಲಿಲ್ಲ. ಅದೂ ಕೆಟ್ಟಿದೆ ಎಂದ.

ಅಷ್ಟರಲ್ಲಿ ಬುತ್ತಿ ತಂದ ಹೆಂಡತಿ ಸುದ್ದಿ ಕೇಳಿ ಮೆಟ್ಟಿಲು ಹತ್ತಿ ಬಂದಳು. "ನಂಗೆ ಮೊದಲೇ ಗೊತ್ತಿತ್ತು. ಆರು ತಿಂಗಳಿಂದ ನಾನೇನು ಹೇಳಿದ್ರೂ ಹೂಂ ಅನ್ನಲ್ಲ. ಆರೋಗ್ಯ ಇರೋ ಗಂಡಸು ಹಾಗಿರ್ತಾನಾ?"

"ಅದು ಗುಲ್ಮದ ದೋಷ ಕಣಮ್ಮ," ಎಂದ ಡಾಕ್ಟರ್.

ಅವಳ ಬೆನ್ನಿಗೇ ಯಜಮಾನ ಬಂದ. "ಮಿಷನ್ ಖಾಲಿ ಬಿಟ್ಟು ಇಲ್ಲೇನು ಸೀಮಂತ ನಡೀತಿದೆ? ಮೊನೆ ಸಿಕ್ತಾ?"

ಯಾರೂ ಉತ್ತರಿಸುವ ಮೊದಲು, ಕಾಲ ಬಳಿ ಬಿದ್ದಿದ್ದ ಅಂಗಿಯನ್ನು ಡಾಕ್ಟರ್ ಪಕ್ಕಕ್ಕಿಡಲು ಎತ್ತಿದ. "ಅಯ್ಯೋ" ಎಂದು ಕೈ ಕೊಡವಿದ. ಏನೋ ಹಾರಿ ಸ್ಟೀಲ್ ತಟ್ಟೆಗೆ ಟಿಣ್ಣೆಂದು ಬಿತ್ತು.

ಮಿಷನ್ ಸೂಜಿಯ ಕಣ್ಣಿರುವ ಮೊನೆ.

ಕಾಜಾ ತಟ್ಟೆಯತ್ತ ಕತ್ತೆತ್ತಿದ. ಬೆಳಗಿನಿಂದ ನೆಲದಲ್ಲಿ ಹುಡುಕಿದ್ದು ಮೈಮೇಲೇ ಇತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಇಷ್ಟು ಹೊತ್ತು ಪಕ್ಕೆ ಮುಟ್ಟಿ ನೋಡಿಕೊಂಡಿದ್ದರೂ ತಿಳಿದಿರಲಿಲ್ಲ.

ಡಾಕ್ಟರ್ ತಟ್ಟೆ ನೋಡಿದ, ರೋಗಿಯನ್ನು ನೋಡಿದ, ತನ್ನ ಕರೆಂಟಿನ ಮಿಷನ್ ನೋಡಿದ. ರೇಡಿಯೊ ಕಾಲದಿಂದಲೂ ಅವನ ಬುದ್ಧಿ ಇಕ್ಕಟ್ಟಿನಲ್ಲೇ ಚುರುಕಾಗುತ್ತಿತ್ತು.

"ಬಂತು ನೋಡಿ," ಎಂದ. "ಲಿವರ್ರಲ್ಲಿ ಕೂತಿದ್ದ ಕಬ್ಬಿಣ. ಕರೆಂಟು ಎಳೆದು ಹಾಕಿದೆ."

ಹೆಂಡತಿ ಕೈಮುಗಿದಳು. "ನಾನು ಹೇಳಿರಲಿಲ್ವಾ," ಎಂದ ಪ್ಯಾಂಟಣ್ಣ. ಕಾಜಾ ಬಾಯಿ ತೆರೆದ. ಅಂಗಿಯಿಂದ ಬಿತ್ತು ಎಂದರೆ ಕೆಲಸ ಹೋಗುತ್ತದೆ, ಲಿವರ್ರಿಂದ ಬಿತ್ತು ಎಂದರೆ ಮಾನ ಮಾತ್ರ ಹೋಗುತ್ತದೆ. ಬಾಯಿ ಮುಚ್ಚಿದ.

ಯಜಮಾನ ಅಂಗಿ ಎತ್ತಿಕೊಂಡು ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ, ಗುರುತಿನ ಕೈಬರಹ ಓದುವವನಂತೆ. ಕಾಜಾಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, ಒಂದಿಷ್ಟೇ ಜಾರಿಸಿ ಒಳಗಿದ್ದ ಸೂಜಿಯ ಬುಡವನ್ನು ಇಣುಕಿ ನೋಡಿ, ಮುಚ್ಚಿದ.

"ಡಾಕ್ಟ್ರೇ, ಇದು ಅರ್ಧ ಸೂಜಿ ಅಲ್ವಾ?"

"ಅರ್ಧವೇ."

"ಹಾಗಾದ್ರೆ ಇನ್ನರ್ಧ?"

"ಒಳಗೇ ಇದೆ. ಹತ್ತು ದಿನ ಕರೆಂಟು ಕೊಟ್ರೆ ಬರುತ್ತೆ."

"ಅದು ಬರೋವರೆಗೂ ಕೊಡಿ," ಎಂದ ಯಜಮಾನ ಮೆಲ್ಲಗೆ. "ದಿನಾ ನಾನು ಊಟಕ್ಕೆ ಹೋಗೋ ಹೊತ್ತಲ್ಲಿ ಇವನನ್ನ ಇಲ್ಲಿಗೆ ಕಳಿಸ್ತೀನಿ. ಇವನಿಗೆ ಕಾಯಿಲೆ ಜೋರಾಗೋದು ಆ ಹೊತ್ತಲ್ಲೇ. ಕೆಲಸದ ಚಿಂತೆ ಬೇಡ, ಕೆಲಸ ಎಲ್ಲೂ ಹೋಗಲ್ಲ."

"ದೇವರಂಥ ಯಜಮಾನ್ರು," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

ಡಾಕ್ಟರ್ ಕರೆಂಟಿನ ಗುಂಡಿ ತಿರುಗಿಸಿದ. ಪ್ಯಾಂಟಣ್ಣ ಕೇಳದೆಯೇ ಬಂದು ಕಾಜಾನ ಎರಡೂ ಕಾಲು ಒತ್ತಿ ಹಿಡಿದ. ಯಜಮಾನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಬೆಂಕಿಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸುತ್ತ ಮೆಟ್ಟಿಲಿಳಿದ.

"ಸ್ವಲ್ಪ ಕಡಿಮೆ ಮಾಡಿ," ಎಂದ ಕಾಜಾ.