ಹನ್ನೊಂದು ಸೆಂಟಿನ ಅಭ್ಯರ್ಥಿ

ಶಿಸ್ತಿನ ಮನುಷ್ಯನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಶಾರದೆ ದೂರುತ್ತಾಳೆ. ಕೋಪ ಬಾರದೆ ಏನು ಮಾಡೀತು? ಹೈಸ್ಕೂಲು ಹೆಡ್ಮಾಸ್ಟರಾಗಿ ಗಂಟೆ ಹೊಡೆಸಿಕೊಂಡೇ ಬದುಕಿದವನು ನಾನು. ಮೊದಲು ಪಾಠ, ಆಮೇಲೆ ಪರೀಕ್ಷೆ, ಕಡೆಗೆ ಫಲಿತಾಂಶ. ಈ ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲ. ಈಗ ಡಾಲಸ್ ಪಕ್ಕದ ಮರ್ಫಿಯಲ್ಲಿ, ಫಲಿತಾಂಶವನ್ನೇ ಮೊದಲು ಕೊಟ್ಟುಬಿಡುವವರ ನಡುವೆ ಸಿಕ್ಕಿಕೊಂಡಿದ್ದೇನೆ.

ಈ ಪಿಡುಗನ್ನು ಮನೆಗೆ ತಂದವನು ನನ್ನ ಭಾವಮೈದುನ ಗುರುನಾಥ. ಹೂಸ್ಟನ್ ಕಡೆಯ ಶುಗರ್ ಲ್ಯಾಂಡಿನಿಂದ ಡ್ರೈವ್ ಮಾಡಿಕೊಂಡು ಬಂದವನು ಕೈಕಾಲು ತೊಳೆಯುವ ಮೊದಲೇ ಫೋನು ಮುಂದೆ ಹಿಡಿದ. "ಭಾವ, ನಿಮ್ಮ ಕ್ಯಾಂಡಿಡೇಟು ಹನ್ನೊಂದು ಸೆಂಟು!" ಟೆಕ್ಸಸ್ಸಿನ ಗವರ್ನರ್ ಆಗಲು ನಿಂತ ಮನುಷ್ಯನಿಗೆ ಕೊತ್ತಂಬರಿ ಕಟ್ಟಿನ ಹಾಗೆ ದರ! ಇಲ್ಲಿನ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನ ಓಟು ಹಾಕಿ ಆರಿಸಬೇಕು. ಆದರೆ ಯಾರು ಗೆಲ್ಲುತ್ತಾರೆಂದು ಜನ ಮೊದಲೇ ದುಡ್ಡು ಹಾಕುತ್ತಾರಂತೆ. ಗೆದ್ದವನ ಚೀಟಿಗೆ ಒಂದು ಡಾಲರು, ಅಂದರೆ ನೂರು ಸೆಂಟು; ಸೋತವನದಕ್ಕೆ ಸೊನ್ನೆ. ಚೀಟಿ ಹನ್ನೊಂದು ಸೆಂಟಿಗೆ ಮಾರಾಟವಾಗುತ್ತಿದ್ದರೆ ಗೆಲ್ಲುವ ಸಂಭವ ನೂರಕ್ಕೆ ಹನ್ನೊಂದು. "ಇದಕ್ಕೆ ನಮ್ಮೂರಲ್ಲಿ ಬೆಟ್ಟಿಂಗ್ ಅಂತಾರೆ, ಪೊಲೀಸರು ಬರ್ತಾರೆ" ಎಂದೆ. "ಇಲ್ಲಿ ಪ್ರಿಡಿಕ್ಷನ್ ಮಾರ್ಕೆಟ್ ಅಂತಾರೆ, ಟೀವಿಯವರು ಬರ್ತಾರೆ" ಎಂದ.

ಅವನ ಹುಚ್ಚು ಅವನಿಗಿರಲಿ ಎಂದು ಬಿಡಬಹುದಿತ್ತು. ಆದರೆ ಶಾರದೆ ದೋಸೆ ಹುಯ್ಯುತ್ತಾ, "ಹಾಗಾದ್ರೆ ನಾನ್ಯಾಕೆ ಲೈನಲ್ಲಿ ನಿಂತು ಕಾಲು ನೋಯಿಸ್ಕೊಳ್ಳಲಿ? ಆಗ್ಲೇ ತೀರ್ಮಾನ ಆಗಿದೆಯಲ್ಲ" ಅಂದುಬಿಟ್ಟಳು. ಅವಳು ಸಿಟಿಜನ್ ಆದದ್ದು ಈಚೆಗೆ. ಪೌರತ್ವ ಪರೀಕ್ಷೆಯ ಪ್ರಶ್ನೋತ್ತರಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಸಾರು ಕುದಿಯುವಾಗ ಅಮೆರಿಕದ ಸಂವಿಧಾನ ಬಾಯಿಪಾಠ ಮಾಡಿದವಳು. ಇದು ಈ ದೇಶದಲ್ಲಿ ಅವಳ ಮೊದಲ ಓಟು. ನಾನೋ, ಊರಿನಲ್ಲಿ ಎಲೆಕ್ಷನ್ ಡ್ಯೂಟಿಗೆ ಹೋಗಿ, ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿ, ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಬಂದವನು. ಒಳಗೇನಿದೆಯೆಂದು ಊಹಿಸುವುದೂ ತಪ್ಪು ಎಂದುಕೊಂಡಿದ್ದವನು. "ಎಣಿಸುವ ಮೊದಲೇ ಫಲಿತಾಂಶ ಹೇಳೋರನ್ನ ಬೆಂಚಿನ ಮೇಲೆ ನಿಲ್ಲಿಸಬೇಕು!" ಎಂದು ಗುಡುಗಿದೆ. ದೋಸೆ ಸೀದಿತು, ಅಷ್ಟೆ. ಗುರುನಾಥ ಮಾತ್ರ ಚಟ್ನಿ ಬಡಿಸಿಕೊಳ್ಳುತ್ತಾ, "ಅಷ್ಟು ನಂಬಿಕೆ ಇದ್ರೆ ನಾಲ್ಕು ಚೀಟಿ ಕೊಂಡ್ಕೊಳ್ಳಿ ಭಾವ, ಅಗ್ಗ" ಎಂದ.

ಕೊಳ್ಳಲಿಲ್ಲ. ಆದರೆ ಶತ್ರುವಿನ ಚಲನವಲನ ತಿಳಿದಿರಬೇಕಲ್ಲ, ಆ ಒಂದೇ ಕಾರಣಕ್ಕೆ ದರ ನೋಡತೊಡಗಿದೆ. ಕಾಫಿ ಆದಮೇಲೆ ಒಮ್ಮೆ, ವಾಕಿಂಗ್ ಮುಗಿಸಿ ಒಮ್ಮೆ. ಆಸ್ಟಿನ್ನಿನಲ್ಲಿ ನಡೆದ ಅಭ್ಯರ್ಥಿಗಳ ಚರ್ಚೆಯಲ್ಲಿ ನಮ್ಮವನು ಮಾತಿನ ಮಧ್ಯೆ ನೀರು ಕುಡಿದ, ದರ ಇಳಿಯಿತು. ಶಾಲೆಗಳ ಬಗ್ಗೆ ಅವನು ಹೇಳಿದ್ದು ಯಾರಿಗೂ ಬೇಡ, ಅವನ ಬಾಯಾರಿಕೆ ಬೇಕು!

ಮುಂಗಡ ಮತದಾನ ಶುರುವಾದ ದಿನವೇ ಶಾರದೆಯನ್ನು ಹೊರಡಿಸಿದೆ. "ಬರಲ್ಲ ಅಂದ್ರೆ ಬಿಡ್ತೀರಾ" ಎಂದು ಗೊಣಗುತ್ತಲೇ ಮೈಸೂರು ರೇಷ್ಮೆ ಸೀರೆ ಉಟ್ಟಳು. ಮತಗಟ್ಟೆಯಲ್ಲಿ ಸಾಲು ನಿಧಾನವಾಗಿ ಸಾಗುತ್ತಿತ್ತು. ಫೋನು ತೆಗೆದೆ. ಏಳು ಸೆಂಟು! "ಏಳಕ್ಕೆ ಬಂತು ಕಣೇ. ಇನ್ನೇನು ಪ್ರಯೋಜನ..." ಎಂಬ ಮಾತು ನನ್ನ ಬಾಯಿಂದಲೇ ಬಂತು. ಅಷ್ಟರಲ್ಲಿ ಬಾಗಿಲಲ್ಲಿದ್ದ ಅಧಿಕಾರಿಣಿ, ಒಳಗೆ ಫೋನು ಬಳಸುವಂತಿಲ್ಲ, ಆಫ್ ಮಾಡಿ ಎಂದು ನನ್ನನ್ನು ಗದರಿದಳು. ಕಾಪಿ ಹೊಡೆಯುವ ಹುಡುಗರನ್ನು ಜೀವನವಿಡೀ ಹಿಡಿದ ನನ್ನನ್ನು! ಶಾರದೆ ಕೈಚಾಚಿದಳು. "ಕೊಡಿ ಇಲ್ಲಿ. ಏಳೋ ಎಪ್ಪತ್ತೋ, ಈ ಸೀರೆ ಉಟ್ಟಮೇಲೆ ನಾನು ಓಟು ಹಾಕದೆ ಬರೋಳಲ್ಲ."

ಓಟು ಹಾಕಿದೆ ಎಂಬ ಸ್ಟಿಕ್ಕರನ್ನು ಸೆರಗಿಗೆ ಅಂಟಿಸಿಕೊಂಡು ಬಂದಳು. ಕಾರಿನಲ್ಲಿ ಕೂತಮೇಲೆ ಕೇಳಿದೆ, "ಯಾರಿಗೆ ಹಾಕಿದೆ?"

"ಅದು ಗುಟ್ಟು ರೀ."

"ನನಗೂ?"

"ನಿಮಗೇ ಮುಖ್ಯವಾಗಿ."

ಇಡೀ ಟೆಕ್ಸಸ್ಸಿನ ಮನಸ್ಸಿಗೆ ಕ್ಷಣಕ್ಷಣಕ್ಕೂ ದರ ಕಟ್ಟುವ ಆ ಮಾರ್ಕೆಟ್ಟಿನವರು ನನ್ನ ಪಕ್ಕದ ಸೀಟಿನಲ್ಲಿ ನಗುತ್ತಾ ಕೂತವಳ ಮನಸ್ಸಿಗೆ ಮಾತ್ರ ದರ ಕಟ್ಟಿಲ್ಲ. ಎಂಥ ಬೇಜವಾಬ್ದಾರಿ! ಕಟ್ಟಿದ್ದರೆ, ಕಾರು ಸ್ಟಾರ್ಟ್ ಮಾಡುವ ಮೊದಲೇ ನೋಡಿಬಿಡುತ್ತಿದ್ದೆ.