ಮಾವನ ತಡೆರಹಿತ ಓಟ

ನಮ್ಮ ಸೋದರಮಾವನ ಮೈಯಾಗ ಎಂಜಿನ್ ಇಲ್ಲ, ಬರೇ ಬ್ರೇಕ್ ಐತಿ! ನಗಬ್ಯಾಡ್ರಿ. ನಾ ಸುಳ್ಳು ಹೇಳಾಕತ್ತೀನಿ ಅನಿಸಿದ್ರ ಸಿಂಧನೂರಿನಿಂದ ಲಿಂಗಸುಗೂರಿನ ತನಕ ಯಾವ ಸ್ಟಾಪಿನ್ಯಾಗ ಬೇಕಾದ್ರೂ ಇಳದು ಕೇಳ್ರಿ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ಆ ರಸ್ತೆದಾಗ ತಲಿ ಬೆಳ್ಳಗ ಮಾಡಿಕೊಂಡ ಮನುಷ್ಯಾ. ಯಾರರ ಕೈ ಮಾಡಿದ್ರ ಮುಗೀತು, ನಿಂತ! ಅಲ್ಲಿ ಸ್ಟಾಪ್ ಇರ್ಲಿ, ಬಿಡ್ಲಿ. ಮಸ್ಕಿ ಹತ್ರ ಒಬ್ಬಂವ ನೊಣ ಹೊಡಿಯಾಕ ಕೈ ಎತ್ತಿದ್ದಕ್ಕೂ ಬಸ್ ನಿಲ್ಲಿಸಿ, ‘ಎಲ್ಲಿಗ್ರೀ?’ ಅಂತ ಕೇಳ್ಯಾನ. ಆ ಪುಣ್ಯಾತ್ಮಗ ಎಲ್ಲಿಗೂ ಹೋಗೋದಿದ್ದಿಲ್ಲ. ಆದ್ರ ಇಷ್ಟು ದೊಡ್ಡ ಬಸ್ ನನ್ನ ಸಲುವಾಗಿ ನಿಂತೈತಿ, ಹತ್ತದಿದ್ರ ಚಲೋ ಕಾಣಂಗಿಲ್ಲ ಅಂತ ಹತ್ತಿ, ಲಿಂಗಸುಗೂರಿಗೆ ಹೋಗಿ, ಚಾ ಕುಡದು ಬಂದ.

ಒಮ್ಮೆ ಮಾವನ ಬಸ್ಸಿಗೆ ‘ತಡೆರಹಿತ’ ಅಂತ ಬೋರ್ಡ್ ಹಾಕಿ ಕಳಿಸಿದ್ರು. ಅಂದ್ರ ನಡುವ ಎಲ್ಲೂ ನಿಲ್ಲಂಗಿಲ್ಲ. ಲಿಂಗಸುಗೂರು ಬಿಟ್ಟಾಗ ಅರ್ಧ ಸೀಟು ಖಾಲಿ ಇದ್ದುವು. ಮಸ್ಕಿ ಮುಟ್ಟೋದ್ರಾಗ ಒಂದು ಕುರಿಮರಿ ಸಹಿತ ಜಾಗ ಇಲ್ಲದ ನಿಂತು ಬರಾಕತ್ತಿತ್ತು! ಮ್ಯಾಲಿನವರು ಕರೆದು ಬೈದ್ರು. ‘ಕೈ ಮಾಡಿದ್ರು ಸಾಹೇಬ್ರ, ಹೆಂಗ ಬಿಟ್ಟು ಬರ್ಲಿ?’ ಅಂದ ನಮ್ಮ ಮಾವ. ರಿಟೈರ್ ಆಗೋ ತನಕ ಆ ಬೋರ್ಡ್ ಅವನ ಬಸ್ಸಿಗೆ ಮತ್ತ ಹತ್ತಲಿಲ್ಲ. ಹೊರಗ ನಕ್ಕೊಂತ ಹೇಳ್ತಿದ್ದ ಖರೆ, ಒಳಗ ಅದು ಚುಚ್ಚತಿತ್ತು.

ರಿಟೈರ್ ಆಗಿ ಮನ್ಯಾಗ ಕುಂತ ಮ್ಯಾಲ ಹೊಟ್ಟಿ ಬಂತು, ಹೊಟ್ಟಿ ಹಿಂದ ಶುಗರ್ ಬಂತು. ಡಾಕ್ಟರು, ‘ದಿನಾ ನಡೀರಿ’ ಅಂದ್ರು. ನಮ್ಮ ಮಾವ ನಡೀತಾನ? ಡ್ರೈವರ್ ಅನ್ನಿಸಿಕೊಂಡಂವ ಕಾಲಿಲೆ ನಡೆದ್ರ ಮರ್ಯಾದಿ ಏನಾಗಬೇಕು! ‘ಓಡ್ತೀನಿ’ ಅಂದ. ನಂದು ಸಿಂಧನೂರಿನ್ಯಾಗ ಮೊಬೈಲ್ ಅಂಗಡಿ. ಹೊಸದಾಗಿ ಓಡೋರಿಗೆ ಅಂತ ಇರೋ ಒಂದು ಆಪ್ ಅವನ ಫೋನಿಗೆ ಹಾಕಿಕೊಟ್ಟೆ. ಮೊದಲು ಚೂರು ಓಡು, ಆಮ್ಯಾಲ ನಡಿ, ಮತ್ತ ಓಡು. ವಾರ ವಾರ ಓಡೋದು ಹೆಚ್ಚು ಮಾಡಿಕೊಂತ ಹೋಗಿ, ಕಡೀಕ ಅರ್ಧ ತಾಸು ಎಲ್ಲೂ ನಿಲ್ಲದಂಗ ಓಡಬೇಕು. ಇದನ್ನ ಕೇಳಿದ್ದೇ ತಡ, ಮಲಗಿದ್ದ ಮಾವ ಎದ್ದು ಕುಂತ.

‘ಅಳಿಯಾ, ಅಂದ್ರ ಇದು ತಡೆರಹಿತ ಅನ್ನು!’

‘ಹೌದು ಮಾವಾ.’

‘ಹಂಗಾರ ಮಾಡೇ ಮಾಡ್ತೀನಿ. ಸಾಯೋದ್ರಾಗ ಒಂದು ಸಲ!’

ಅಡಗಿ ಮನಿಯಿಂದ ನಮ್ಮ ಅತ್ತಿ ಅಂದ್ರ ಮಾವನ ಹೇಣ್ತಿ ದನಿ ಬಂತು: ‘ಹಿತ್ತಲಕ್ಕ ಹೋಗೋದ್ರಾಗ ಮೂರು ಕಡೆ ನಿಂತು ಮಾತಾಡ್ತಾರ. ಇವರು ಅರ್ಧ ತಾಸು ಓಡ್ತಾರಂತ ನೋಡವ್ವಾ!’ ಗಂಡನ್ನ ಹೊಗಳೋದು ಆಕಿಗೆ ತವರಮನ್ಯಾಗ ಯಾರೂ ಕಲಿಸಿಲ್ಲ.

ಅಂವ ಓಡೋದು ನೀವು ನೋಡಬೇಕ್ರಿ! ಕೆಳಗ ಹೊಸಾ ಬೂಟು, ಮ್ಯಾಲ ಹಳೇ ಖಾಕಿ ಅಂಗಿ. ರಸ್ತೆ ಎಡಕ್ಕ ಹಿಡಕೊಂಡೇ ಓಡ್ತಾನ. ತಿರುವು ಬಂದ್ರ ಕೈ ಚಾಚಿ ತೋರಸ್ತಾನ. ಎಮ್ಮಿ ಅಡ್ಡ ಬಂದ್ರ ‘ಪೋಂ ಪೋಂ’ ಅಂತ ಬಾಯಿಲೇ ಹಾರ್ನ್! ಎಮ್ಮಿ ಸರೀಲಿಲ್ಲ ಅಂದ್ರ ಹೊಳ್ಳಿ ನೋಡಿಕೊಂತ ರಿವರ್ಸ್ ಬಂದು, ಬಾಜೂಕ ಹಾಯ್ದು ಹೋಗ್ತಾನ. ಫೋನಿನ್ಯಾಗಿನ ಹೆಣ್ಣುಮಗಳು ಇಂಗ್ಲಿಷಿನ್ಯಾಗ ಓಡು, ನಡಿ ಅಂದಾಗೆಲ್ಲಾ ‘ಆತು ಮೇಡಂ’ ಅಂತ ಉತ್ತರ ಬ್ಯಾರೆ. ಒಂದಿನ ಏದುಸಿರು ಬಿಟ್ಕೊಂತ ಬಂದು ನನ್ನ ಮುಂದ ಮರುಗಿದ: ‘ಪಾಪ, ಆಕಿಗೂ ದಣಿವಾಗಿರಬೇಕಲೇ. ನನ್ನ ಜೋಡಿ ಅಷ್ಟು ದೂರ ಬಂದಾಳ.’

ನಗೋರು ನಗಲಿ, ಬಿಡ್ರಿ. ಹೊಟ್ಟಿ ಇಳೀತು, ಶುಗರ್ ಇಳೀತು, ಖಾಕಿ ಅಂಗಿ ಸಡಿಲಾತು. ನೋಡ್ತಾ ನೋಡ್ತಾ ಕಡೇ ವಾರ ಬಂದೇಬಿಡ್ತು! ನನಗ ಅವನಕಿಂತ ಹುರುಪು. ಚಾರ್ಜರ್ ಕೇಳಾಕ ಬಂದ ಗಿರಾಕಿಗೂ, ‘ನಮ್ಮ ಮಾವ ಈ ವಾರ ಅರ್ಧ ತಾಸು ಓಡ್ತಾನ ಗೊತ್ತೇನ್ರೀ?’ ಅಂತ ಹೇಳಿ ಕಳಸ್ತಿದ್ದೆ.

ಆದ್ರ ಹುಲಿ ಕುಂತಿದ್ದು ಬ್ಯಾರೇ ಕಡೆ. ಅಂವ ಓಡೋ ಮಸ್ಕಿ ರಸ್ತೆದಾಗ ಕ್ಯಾಂಪಿನ ಸ್ಟಾಪ್ ಐತಿ. ಕಾಲುವಿ ನೀರಿನ ಹಿಂದ ಆಂಧ್ರದ ಕಡಿಯಿಂದ ಬಂದ ರೈತರು ಕಟ್ಟಿಕೊಂಡ ಊರಿಗೆ ನಮ್ಮ ಕಡೆ ಕ್ಯಾಂಪ್ ಅಂತೀವಿ. ಮುಂಜಾನೆ ಅಲ್ಲಿ ಬಸ್ಸಿಗೆ ಮಂದಿ ನಿಂತೇ ಇರ್ತಾರ. ಇಷ್ಟು ದಿನ ಆ ಸ್ಟಾಪಿನ ಹತ್ರ ಬರೋ ಹೊತ್ತಿಗೆ ನಡಿಯೋ ಪಾಳಿ ಇರ್ತಿತ್ತು. ಈಗ ನಿಲ್ಲೋ ಹಂಗಿಲ್ಲ. ಏನ್ ಮಾಡ್ಯಾನು? ಮಂದಿ ಕಂಡ್ರು, ಮಾವ ನಿಂತ! ಯಾರೂ ಕೈ ಸಹಿತ ಮಾಡಿದ್ದಿಲ್ಲ!

‘ಎಲ್ಲಿಗ್ರೀ?’

‘ಹಟ್ಟಿಗ್ರೀ. ಬಂಗಾರದ ಗಣಿಯಾಗ ಶಿಫ್ಟ್ ಐತಿ’ ಅಂದ ಒಬ್ಬಂವ.

‘ಹಿಂದ ಬರಾಕತ್ತೈತಿ. ಸೀಟ್ ಸಿಗ್ತಾವ, ಅವಸರ ಮಾಡಬ್ಯಾಡ್ರಿ.’

ಹಿಂದ ಬೈಕಿನ ಮ್ಯಾಲ ಬರಾಕತ್ತಿದ್ದ ನಾ ಹಣಿ ಬಡಕೊಂಡೆ. ‘ಯಾಕ ನಿಂತಿ ಮಾವಾ!’

‘ನಾ ಎಲ್ಲಿ ನಿಂತೇನಲೇ? ಕಾಲು ತಾನಾಗೇ ಬ್ರೇಕ್ ಒತ್ತಿತು.’

ಮರುದಿನಾನೂ ಅದೇ ಹಾಡು. ಕಾಲೇಜ್ ಗ್ರೌಂಡಿನ್ಯಾಗ ಓಡು ಅಂದೆ. ‘ಸುತ್ತಿದ್ದೇ ಸುತ್ತಾಕ ನಾ ಏನ್ ಗಾಣದ ಎತ್ತೇನಲೇ? ಬಸ್ ರಸ್ತೆಗೇ ಹೋಗಬೇಕು!’ ಅಂತ ನನಗೇ ಬೈದ. ಸ್ಟಾಪ್ ಬಂದಾಗ ಆ ಕಡೆ ಮುಖಾ ತಿರುವು ಅಂದೆ. ತಿರುವಿದ. ಅಷ್ಟ್ರಾಗ ಕ್ಯಾಂಪಿನ ಮುದುಕಿ ಒಬ್ಬಾಕಿ, ‘ಏನಪಾ ಡ್ರೈವರಣ್ಣ, ಮಾತೇ ಆಡಂಗಿಲ್ಲಲ್ಲ?’ ಅಂದ್ಲು ನೋಡ್ರಿ. ನಿಂತು, ಆಕಿ ಮಂಡಿನೋವು, ಮಗಳ ಬಾಣಂತನ ಎಲ್ಲಾ ಕೇಳಿಕೊಂಡೇ ಬಂದ.

ಅವತ್ತು ಗಂಗಾಳದ ಮುಂದ ಕುಂತ ಮಾವ ರೊಟ್ಟಿ ಮುರೀಲಿಲ್ಲ. ‘ನನ್ನ ಹಣೆಬರಹದಾಗ ಸಾದಾ ಬಸ್ಸೇ ಬರದೈತಿ ಬಿಡು ಅಳಿಯಾ. ನಾಳಿ ಒಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಬೂಟು ನೀನೇ ಒಯ್ಯಿ’ ಅಂದ. ಅಷ್ಟು ಸಣ್ಣ ಮುಖಾ ಮಾಡಿದ್ದು ನಾ ನೋಡಿದ್ದಿಲ್ಲ. ಅತ್ತಿ ಕಡಿಯಿಂದ ಒಂದು ಕುಚೋದ್ಯ ಇಲ್ಲ, ಏನಿಲ್ಲ! ಪಲ್ಯ ಬಡಿಸಿದ್ಲು, ಅಷ್ಟೇ.

ಮುಂಜಾನೆ ಹೊಂಟ್ವಿ. ಮಾವ ಮುಂದ, ನಾ ಬೈಕ್ ಮ್ಯಾಲ ಹಿಂದ. ಗದ್ದಿ ದಾಟಿದ್ವಿ, ಅಕ್ಕಿ ಗಿರಣಿ ದಾಟಿದ್ವಿ. ಸ್ಟಾಪ್ ಹತ್ರ ಬಂದಂಗ ನನ್ನ ಎದಿ ಡವ ಡವ! ಬಂತು. ನೋಡ್ತೀನಿ, ಒಂದು ನರಪಿಳ್ಳಿ ಇಲ್ಲ! ಬೆಂಚು ಖಾಲಿ, ಶೆಡ್ಡು ಖಾಲಿ! ಮಾವನ ಕಾಲು ಒಂದು ಗಳಿಗಿ ತಡವರಿಸಿದುವು. ಯಾರನ್ನ ಕೇಳಬೇಕು? ಹಂಗೇ ಮುಂದ ಹೋದ. ನಾ ಬಗ್ಗಿ ನೋಡಿದ್ರ, ಚಾದಂಗಡಿ ಹಿಂದ ಮಂದಿ ಒಬ್ಬರ ಬೆನ್ನಿಗೆ ಒಬ್ಬರು ಹತ್ತಿ ಕುಕ್ಕರಗಾಲಿಲೆ ಕುಂತಾರ! ಅವರ ನಡುವ ನಮ್ಮ ಅತ್ತಿ, ಬಾಯಿ ಮ್ಯಾಲ ಬೆರಳಿಟ್ಟು ನನಗ ಕಣ್ಣು ಬಿಡಾಕತ್ತಾಳ! ಅಷ್ಟ್ರಾಗ ಲಿಂಗಸುಗೂರು ಬಸ್ ಬಂತು. ಸ್ಟಾಪಿನ್ಯಾಗ ಯಾರೂ ಇಲ್ಲ ಅಂತ ಭರ್ರಂತ ಹೋಗೇಬಿಡ್ತು. ಒಬ್ಬರಾದ್ರೂ ಎದ್ದಿದ್ರ ಕೇಳ್ರಿ!

ಕಾಲುವಿ ಸೇತುವಿ ಮ್ಯಾಲ ಫೋನಿನ ಮೇಡಂ ಶಾಭಾಸ್ ಅಂದ್ಲು. ಅರ್ಧ ತಾಸು! ನಿಲ್ಲದಂಗ! ನಾ ಬೈಕ್ ಬಿಟ್ಟು ನಡುರಸ್ತೆದಾಗ ಕುಣಿದೆ. ಮಾವ ಮಾತ್ರ ಕಟ್ಟಿ ಮ್ಯಾಲ ಕುಂತು ಬಂದ ದಾರಿ ನೋಡಾಕತ್ತಿದ್ದ.

‘ಯಾಕ ಮಾವಾ, ಖುಷಿ ಆಗಲಿಲ್ಲೇನು?’

‘ಸ್ಟಾಪಿನ್ಯಾಗ ಒಬ್ಬರೂ ಇದ್ದಿಲ್ಲಲ್ಲೋ ಅಳಿಯಾ’ ಅಂದ. ‘ಹಾರ ಹಾಕಿ ಮನಿಗೆ ಕಳಿಸಿದ್ರಲ್ಲ, ಅವತ್ತ ನಾ ರಿಟೈರ್ ಆಗಿದ್ದಿಲ್ಲ. ಇವತ್ತ ಆದೆ.’

ಚಾದಂಗಡಿ ಸುದ್ದಿ ಹೇಳಬೇಕಂತ ಬಾಯಿ ತೆಗಿಯೋದ್ರಾಗ ರಸ್ತೆ ತುಂಬ ಮಂದಿ ಬರಾಕತ್ತಿದ್ರು. ಚೀಲ ಹೊತ್ತವರು, ಕೂಸು ಎತ್ತಿಕೊಂಡವರು, ಮಂಡಿ ಹಿಡಕೊಂಡ ಆ ಮುದುಕಿ. ಎಲ್ಲರಿಗಿಂತ ಮುಂದ ಹಟ್ಟಿಯಂವ ಓಡಿ ಬಂದ. ‘ನನ್ನ ಬಸ್ಸಂತೂ ಹೋತ್ರಿ ಸಾಹೇಬ್ರ. ನಿಮ್ಮದು ಆತೋ ಇಲ್ಲೋ ಮೊದಲ ಹೇಳ್ರಿ!’

‘ಬಸ್ ಬಿಟ್ಟು ಎಲ್ಲಿದ್ರಿ ನೀವೆಲ್ಲಾ?’ ಅಂತ ಮಾವ ಗಾಬರ‍್ಯಾಗಿ ಎದ್ದು ನಿಂತ.

‘ಅಂಗಡಿ ಹಿಂದ ಕುಂತಿದ್ವಪಾ’ ಅಂದ್ಲು ಮುದುಕಿ. ‘ನಮ್ಮನ್ನ ನೋಡಿದ್ರ ನೀ ನಿಲ್ಲತಿ ಅಂತ ನಿನ್ನ ಹೇಣ್ತಿ ಬಂದು ಕೈ ಮುಗಿದ್ಲು.’

ಮಾವ ಒಬ್ಬೊಬ್ಬರ ಮುಖಾ ನೋಡಿದ. ಆಮ್ಯಾಲ ಅಷ್ಟೂ ಮಂದಿ ಮುಂದ ಸಣ್ಣ ಹುಡುಗನಂಗ ಅತ್ತುಬಿಟ್ಟ. ಅತ್ತಿ ಮಂದಿ ಸರಿಸಿಕೊಂತ ಬಂದು, ತನ್ನ ಸೆರಗಿಲೇ ಅವನ ಮುಖದ ಬೆವರು, ಕಣ್ಣೀರು ಎಲ್ಲಾ ಒರೆಸಿದ್ಲು.

‘ನೀವು ಮಾಡೇ ಮಾಡ್ತೀರಿ ಅಂತ ನನಗ ಮೊದಲನೇ ದಿನಾನೇ ಗೊತ್ತಿತ್ತ್ರೀ’ ಅಂದ್ಲು.