ಸ್ನಾನ ಮಾಡ್ಕಂಡು ಬಾ

ಜಾವಗಲ್ಲಿನ ನನ್ನ ಸೋದರಮಾವನಿಗೆ ಸೂರ್ಯನ ಮೇಲೆ ಪೂರ್ತಿ ಹಕ್ಕಿದೆ. ನಂಬಿಕೆಯಿಲ್ಲವೇ? ಅವರ ಮನೆಗೆ ಹೋಗಿ ಒಂದು ಚೆಂಬು ಬಿಸಿನೀರು ಕೇಳಿ ನೋಡಿ!

ಅತ್ತೆಗೆ ಉಬ್ಬಸ. ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ಕಾಯಿಸಿ ಕಾಯಿಸಿ ಬಂದದ್ದು. ಇನ್ನು ಹೊಗೆಯೂ ಬೇಡ, ತಣ್ಣೀರೂ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ ಮೇಲೆ ಮಾವ ಬಚ್ಚಲಮನೆಯ ತಾರಸಿಗೆ ಸೋಲಾರ್ ಹಾಕಿಸಿದರು. ನೀರಿಗೊಂದು, ದೀಪಕ್ಕೊಂದು. ಅಂದಿನಿಂದ ತೋಟ ಬಿಟ್ಟು ಆಕಾಶ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾರೆ.

ಬೆಳಿಗ್ಗೆ ಎದ್ದವರೇ ಹೆಗಲ ಟವೆಲಿನಿಂದ ಗಾಜು ಒರೆಸುತ್ತಾರೆ. ಮೋಡ ಕಂಡರೆ ಬೈಗುಳ. "ಹೋಗ್ಲಾ ಅತ್ಲಾಗೆ! ಹಾರನಹಳ್ಳಿ ಮೇಲ್ ನಿಂತ್ಕ ಹೋಗು!" ಹಾರನಹಳ್ಳಿಯವರು ಏನು ಪಾಪ ಮಾಡಿದ್ದರೋ!

ಕರೆಂಟು ಹೋದರೆ ಊರೆಲ್ಲ ಕತ್ತಲೆ. ಮಾವನ ಮನೆಯೂ ಕತ್ತಲೆ.

"ಸೋಲಾರ್ ದೀಪ ಐತಲ್ಲ ಮಾವ?"

"ಹಚ್ಚುದ್ರೆ ಮುಗ್ದೋಗಲ್ವೇನ್ಲಾ?"

ನಾನು ಬೇಲೂರಿನಿಂದ ಹೊರಡುವ ಮುಂಚೆಯೇ ಅವರ ಫೋನು ಬರುತ್ತದೆ. "ಸ್ನಾನ ಆಗೈತಾ? ಮಾಡ್ಕಂಡು ಬಾ. ಬಸ್ ಬೇಕಾದಷ್ಟವೆ." ಒಮ್ಮೆ ಬೀಗರು ಹೇಳದೆ ಕೇಳದೆ ಬಂದು ಬಿಸಿನೀರಿನ ನಲ್ಲಿ ತಿರುಗಿಸಿಬಿಟ್ಟರು. ಮಾವ ಬಾಗಿಲು ತಟ್ಟಿ, "ಬೀಗ್ರೇ, ತಣ್ಣೀರು ಮೈಗೆ ಒಳ್ಳೇದು" ಎಂದರಂತೆ. ಬೀಗರು ಸೋಪಿನ ನೊರೆಯಲ್ಲಿ ನಿಂತೇ ಯೋಚಿಸಿದರಂತೆ.

ಪೇಚಾಟ ಶುರುವಾದದ್ದು ಚಳಿಗಾಲದಲ್ಲಿ. ಹಿತ್ತಿಲ ತೆಂಗಿನಮರದ ನೆರಳು ಮಧ್ಯಾಹ್ನವೇ ಬಂದು ಗಾಜಿನ ಮೇಲೆ ಕೂರತೊಡಗಿತು. ನೀರು ಬೆಚ್ಚಗೂ ಆಗಲಿಲ್ಲ. ಅತ್ತೆ ಸದ್ದಿಲ್ಲದೆ ಮತ್ತೆ ಒಲೆ ಹಚ್ಚಿದರು, ಕೆಮ್ಮು ಮರಳಿ ಬಂತು. ಉಳಿದ ಮನೆಯೆಲ್ಲ ಹಳೇ ಹೆಂಚು. ಸೋಲಾರಿಗೆ ಬೇರೆ ಜಾಗವಿಲ್ಲ.

"ಒಲೇನೇ ಹಚ್ಕತೀನಿ ಬಿಡ್ರೀ," ಎಂದರು ಅತ್ತೆ. "ಅತ್ತೆಮ್ಮ ನೆಟ್ಟಿರೋ ಮರ ಅದು."

ಹೌದು, ನನ್ನಜ್ಜಿ ನೆಟ್ಟ ಮರ. ಅದರ ಗರಿ ತಂತಿಗೆ ತಾಗುತ್ತದೆಂದು ಲೈನ್‌ಮನ್ ಕತ್ತಿ ಎತ್ತಿದಾಗ, ಅದನ್ನು ತಬ್ಬಿಕೊಂಡು ನಿಂತ ಮನುಷ್ಯ ನಮ್ಮ ಮಾವ! ಕಾಯಿ ಬಿಡುವ ಮರಕ್ಕೆ ಕೊಡಲಿ ಹಾಕುವವರನ್ನು ನಮ್ಮ ಕಡೆ ಯಾರೂ ಮಾತಾಡಿಸುವುದಿಲ್ಲ.

ಮುಂದಿನ ಸಲ ಹೋದಾಗ (ಸ್ನಾನ ಮಾಡಿಕೊಂಡೇ ಹೋಗಿದ್ದೆ) ಹಿತ್ತಿಲಲ್ಲಿ ಮರವಿರಲಿಲ್ಲ. ಕಡಿದ ಬುಡದ ಮೇಲೆ ಮಾವ ಕೂತಿದ್ದರು. ಬಚ್ಚಲಲ್ಲಿ ಅತ್ತೆ ನೀರು ಹುಯ್ದುಕೊಳ್ಳುವ ಸದ್ದು.

"ಮಾವ, ಅಜ್ಜಿ ಮರ..."

"ಸುಮ್ಕಿರ್ಲಾ!"

ಬಚ್ಚಲ ಕಡೆಗೇ ಕಿವಿಯಿಟ್ಟು ಕೂತರು. ನೀರಿನ ಸದ್ದು ನಿಂತಿತು. ಬಳೆ ಸದ್ದಾಯಿತು. ಅಷ್ಟೇ.

"ಕೆಮ್ಮಲಿಲ್ಲ, ಅಲ್ವೇನ್ಲಾ?"

"ಇಲ್ಲ ಮಾವ."

ಗಾಜು ಒರೆಸುವ ಟವೆಲಿನಿಂದಲೇ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತು ಬುಡವನ್ನು ಸವರುತ್ತ ಕೂತಿದ್ದು, ಆಮೇಲೆ ಹೇಳಿದರು:

"ಹೋಗು, ಕಾಲ್ ತೊಳ್ಕೊ. ಬಿಸ್ನೀರಲ್ಲೇ ತೊಳ್ಕೊ."